ಮನೋವಿಶ್ಲೇಷಣೆ: ಮಾನ್ಯತೆ ಇಲ್ಲದ ಪ್ರಮಾಣಪತ್ರಕ್ಕೆ ಎಷ್ಟು ಬೆಲೆ?

ಮಾನ್ಯ ಸಂಪಾದಕರೇ,

ಮನಸ್ಸಿನ ಆಳದಲ್ಲಿ ಅರಿವಿಗೆ ಬಾರದೆ ಇರುವುದನ್ನು ಮಾತಿನ ಮೂಲಕ ಅರಿತುಕೊಳ್ಳುವ ಚಿಕಿತ್ಸೆ ಮನೋವಿಶ್ಲೇಷಣೆ. ಅದನ್ನು ಕಲಿಸುವ ಖಾಸಗಿ ಸಂಸ್ಥೆಗಳಲ್ಲಿ ಹಲವಕ್ಕೆ ಹೊರಗಿನ ಯಾವ ಮಂಡಳಿಯ ಮಾನ್ಯತೆಯೂ ಇರುವುದಿಲ್ಲ. ಅವು ಕೊಡುವ ಪ್ರಮಾಣಪತ್ರವನ್ನು ಕೆಲವರು ಮೋಸವೆಂದು ತಳ್ಳಿಹಾಕುತ್ತಾರೆ, ಕೆಲವರು ಚಿಕಿತ್ಸೆ ಕೊಡಲು ಸಿಕ್ಕ ರಹದಾರಿ ಎಂದುಕೊಳ್ಳುತ್ತಾರೆ. ಎರಡೂ ಸರಿಯಲ್ಲ.

ಪ್ರಮಾಣಪತ್ರ ಹೇಳುವುದು ಇಷ್ಟೇ: ಈ ವ್ಯಕ್ತಿ ನಮ್ಮ ತರಬೇತಿ ಮುಗಿಸಿದ್ದಾರೆ, ನಮಗೆ ತೃಪ್ತಿಯಾಗಿದೆ. ಮಾನ್ಯತೆ ಸಿಗುವುದು ವ್ಯಕ್ತಿಗಲ್ಲ, ತರಬೇತಿಗೆ. ಹೊರಗಿನವರು ಬಂದು ಪಠ್ಯ, ಬೋಧಕರು, ದಾಖಲೆಗಳನ್ನು ಪರಿಶೀಲಿಸಿ ಕೊಡುವಂಥದ್ದು. ಪರವಾನಗಿ ಕೊಡುವುದು ಕಾನೂನಿನ ಅಧಿಕಾರವಿರುವ ಸಂಸ್ಥೆ. ತಪ್ಪು ಮಾಡಿದರೆ ಅದನ್ನು ಕಿತ್ತುಕೊಳ್ಳುವ ಅಧಿಕಾರವೂ ಅದಕ್ಕಿರುತ್ತದೆ. ಮೊದಲನೆಯದು ಕೈಯಲ್ಲಿದ್ದ ಮಾತ್ರಕ್ಕೆ ಮಿಕ್ಕ ಎರಡು ಸಿಕ್ಕಂತಾಗದು.

ಹಾಗೆಂದು ಮಾನ್ಯತೆ ಇಲ್ಲದ್ದೆಲ್ಲ ಟೊಳ್ಳಲ್ಲ. ಈ ವಿದ್ಯೆ ಬಹುಮಟ್ಟಿಗೆ ಬೆಳೆದದ್ದೇ ವಿಶ್ವವಿದ್ಯಾಲಯಗಳ ಹೊರಗೆ. 1920ರಲ್ಲಿ ಬರ್ಲಿನ್ನಿನಲ್ಲಿ ಶುರುವಾದ ಕೇಂದ್ರ ರೂಪಿಸಿದ ಮೂರು ಅಂಗಗಳ ತರಬೇತಿ ಇಂದಿಗೂ ಬಹುತೇಕ ಸಂಸ್ಥೆಗಳಿಗೆ ಮಾದರಿ: ಕಲಿಯುವವರು ತಾವೇ ವಿಶ್ಲೇಷಣೆಗೆ ಒಳಗಾಗುವುದು, ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡುವುದು, ಪಾಠ. ವೈದ್ಯರಲ್ಲದ ವಿಶ್ಲೇಷಕ ಥಿಯೋಡೋರ್ ರೈಕ್ ಮೇಲೆ ವಿಯೆನ್ನಾದಲ್ಲಿ ನಕಲಿ ವೈದ್ಯವೃತ್ತಿಯ ಆರೋಪ ಬಂದಾಗ, ವಿಶ್ಲೇಷಕರಿಗೆ ವೈದ್ಯ ಪದವಿ ಕಡ್ಡಾಯವಾಗಬೇಕಿಲ್ಲ ಎಂದು ಈ ವಿದ್ಯೆಯ ಜನಕ ಫ್ರಾಯ್ಡ್ 1926ರಲ್ಲಿ ಪುಸ್ತಕವನ್ನೇ ಬರೆದರು.

ಆದ್ದರಿಂದ ನೋಡಬೇಕಾದದ್ದು ಮುದ್ರೆಯನ್ನಲ್ಲ, ಗಂಟೆಗಳ ಲೆಕ್ಕವನ್ನು. ಮನೋವಿಶ್ಲೇಷಕರಿಗೆಂದೇ ಪರವಾನಗಿ ಇರುವ ನ್ಯೂಯಾರ್ಕ್ ರಾಜ್ಯ ಸ್ನಾತಕೋತ್ತರ ಪದವಿಯ ಜೊತೆಗೆ ಕನಿಷ್ಠ 300 ಗಂಟೆಗಳ ಸ್ವಂತ ವಿಶ್ಲೇಷಣೆಯನ್ನೂ, ಮೇಲ್ವಿಚಾರಣೆಯಲ್ಲಿ 1,500 ಗಂಟೆಗಳ ಅನುಭವವನ್ನೂ ಕೇಳುತ್ತದೆ. ವರ್ಷಕ್ಕೆ 40 ವಾರ ಎಂದಿಟ್ಟುಕೊಂಡರೆ, ವಾರಕ್ಕೊಂದು ಗಂಟೆಯಂತೆ ಆ 300 ಮುಟ್ಟಲು ಏಳೂವರೆ ವರ್ಷ ಬೇಕು. ವಾರಕ್ಕೆ ನಾಲ್ಕರಂತೆ ಹೋದರೂ ಹೆಚ್ಚುಕಡಿಮೆ ಎರಡು ವರ್ಷ ಬೇಕು. ಹೀಗಿರುವಾಗ ಹತ್ತು ತಿಂಗಳ ಕೋರ್ಸು ‘ಪೂರ್ಣ ತರಬೇತಿ’ ಎಂದರೆ ಆ ಲೆಕ್ಕ ಹೊಂದುವುದಿಲ್ಲ. ಸಾಮಾನ್ಯವಾಗಿ ಎಡವಟ್ಟಾಗುವುದು ಮೂರು ಕಡೆ. ಗುಂಪಿನಲ್ಲಿ ಕುಳಿತ ಗಂಟೆಗಳನ್ನು ಸ್ವಂತ ವಿಶ್ಲೇಷಣೆಯ ಖಾತೆಗೆ ಸೇರಿಸಿರುತ್ತಾರೆ. ಮೇಲ್ವಿಚಾರಕರೇ ಹೋದ ವರ್ಷ ಅದೇ ಸಂಸ್ಥೆಯಿಂದ ಹೊರಬಂದವರಾಗಿರುತ್ತಾರೆ. ಇಲ್ಲವೇ ಪಾಠ ಮಾತ್ರ ಇದ್ದು, ಒಬ್ಬ ರೋಗಿಯನ್ನೂ ನೋಡದೆ ಕೋರ್ಸು ಮುಗಿದಿರುತ್ತದೆ. ಕೊನೆಯದು ಓದುಗರಿಗೆ, ಅಧ್ಯಾಪಕರಿಗೆ ಚೆನ್ನಾಗಿ ಒದಗಬಹುದು; ಚಿಕಿತ್ಸೆಗೆ ಅದು ಸಾಲದು.

ಹಣ ಕಟ್ಟುವ ಮೊದಲು ನಿಮ್ಮ ಊರಿನ ಕಾನೂನು ನೋಡಿ. ಬ್ರಿಟನ್ನಿನಲ್ಲಿ ‘ಮನೋವಿಶ್ಲೇಷಕ’ ಎಂದು ಯಾರು ಬೇಕಾದರೂ ಕರೆದುಕೊಳ್ಳಬಹುದು, ಕಾನೂನಿನ ಅಡ್ಡಿಯಿಲ್ಲ, ನ್ಯೂಯಾರ್ಕ್‌ನಲ್ಲಿ ಹಾಗಲ್ಲ. ಈಗಾಗಲೇ ಪರವಾನಗಿ ಇರುವ ಮನೋವೈದ್ಯರಿಗೋ ಮನಶ್ಶಾಸ್ತ್ರಜ್ಞರಿಗೋ ಇಂಥ ಪತ್ರ ಹೆಚ್ಚಿನ ಪರಿಣತಿ ಆದೀತು, ಏಕೆಂದರೆ ಅವರು ಕೆಲಸ ಮಾಡುವುದು ಮೊದಲಿನ ಪರವಾನಗಿಯ ಮೇಲೆ. ಅದಿಲ್ಲದವರಿಗೆ ಇದೊಂದನ್ನೇ ನೋಡಿ ವೃತ್ತಿವಿಮೆ ಸಿಗದೇ ಹೋಗಬಹುದು, ರೋಗಿಯ ವಿಮಾ ಕಂಪನಿ ಶುಲ್ಕ ಭರಿಸದಿರಬಹುದು, ವಿಶ್ವವಿದ್ಯಾಲಯ ಕ್ರೆಡಿಟ್ ಒಪ್ಪದಿರಬಹುದು. ‘ಮಾನ್ಯತೆಗೆ ಅರ್ಜಿ ಹಾಕಿದ್ದೇವೆ’ ಎಂಬ ಮಾತನ್ನು ಮಾನ್ಯತೆ ಎಂದು ಓದಬೇಡಿ. ನಾಳೆ ಅದು ಬಂದರೂ ಹಿಂದಿನ ತಂಡಗಳಿಗೆ ಅನ್ವಯಿಸುತ್ತದೆ ಎಂಬ ಖಾತರಿಯಿಲ್ಲ. ಮಾನ್ಯತೆ ಕೊಟ್ಟ ಮಂಡಳಿಯ ಹೆಸರು ಹೇಳಿದರೆ, ಆ ಮಂಡಳಿಯನ್ನು ನಡೆಸುವವರು ಯಾರೆಂದೂ ವಿಚಾರಿಸಿ. ಸಂಸ್ಥೆಯವರೇ ಕಟ್ಟಿಕೊಂಡ ಮಂಡಳಿಗಳೂ ಇರುತ್ತವೆ.

ಕಲಿಯುವವರು ಕೇಳಲು ಮುಜುಗರಪಡುವ ಇನ್ನೊಂದು ಪ್ರಶ್ನೆ: ನನ್ನನ್ನು ವಿಶ್ಲೇಷಿಸುವವರು ನನ್ನ ಬಗ್ಗೆ ಸಂಸ್ಥೆಗೆ ವರದಿ ಕೊಡುತ್ತಾರೆಯೇ? ಕೊಡುವುದಾದರೆ ಅಲ್ಲಿ ಮನಬಿಚ್ಚಿ ಮಾತಾಡುವುದು ಕಷ್ಟ, ತರಬೇತಿಯ ತಿರುಳೇ ಕೆಡುತ್ತದೆ. ಹಾಜರಾದ ಗಂಟೆಗಳ ದೃಢೀಕರಣ ಬಿಟ್ಟು ಬೇರೇನೂ ಹೋಗಬಾರದು.

ಚಿಕಿತ್ಸೆಗೆ ಬರುವವರು ಇಷ್ಟು ವಿಚಾರಿಸಿದರೆ ಸಾಕು: ನಿಮಗೆ ಯಾವ ಪರವಾನಗಿ ಇದೆ, ನಿಮ್ಮ ಸ್ವಂತ ವಿಶ್ಲೇಷಣೆ ಎಷ್ಟು ವರ್ಷ ನಡೆಯಿತು, ಈಗಲೂ ಮೇಲ್ವಿಚಾರಣೆ ಇದೆಯೇ, ಆತ್ಮಹತ್ಯೆಯ ಯೋಚನೆ ಬಂದರೆ ಅಥವಾ ಔಷಧ ಬೇಕಾದರೆ ಯಾವ ವೈದ್ಯರ ಬಳಿ ಕಳಿಸುತ್ತೀರಿ, ದೂರು ಇದ್ದರೆ ಎಲ್ಲಿ ಕೊಡಬೇಕು. ಕೊನೆಯ ಪ್ರಶ್ನೆಗೆ ಉತ್ತರ ‘ನಮ್ಮ ಸಂಸ್ಥೆಗೇ’ ಎಂದಾದರೆ, ದೂರನ್ನು ಹೊರಗಿನವರು ಯಾರೂ ನೋಡುವುದಿಲ್ಲ ಎಂದು ತಿಳಿದುಕೊಂಡೇ ಮುಂದುವರಿಯಬೇಕು.

– ಮನೋವಿಶ್ಲೇಷಣೆಯ ಬೋಧಕರೊಬ್ಬರು