ದಾದರಿನಲ್ಲಿ ಚೀಲ ತಂದುಕೊಟ್ಟ ಹಿರಿಯರಿಗೆ

ಹನ್ನೊಂದು ವರ್ಷಗಳ ಹಿಂದೆ ಮುಂಬೈಯ ಲೋಕಲ್ ರೈಲಿನಲ್ಲಿ ನಾವು ಮರೆತಿಳಿದ ನೀಲಿ ಚೀಲವನ್ನು ಹಿಡಿದು, ಅದರೊಳಗಿನ ಅರ್ಜಿಯಲ್ಲಿದ್ದ ವಿಳಾಸ ನೋಡಿ, ಶಿವಾಜಿ ಪಾರ್ಕ್ ಬಳಿಯ ಮಹಾತ್ಮ ಗಾಂಧಿ ಈಜುಕೊಳದವರೆಗೆ ಬಂದ ಹಿರಿಯರೇ, ನಿಮ್ಮ ಹೆಸರನ್ನೂ ಕೇಳದೆ ಉಳಿದ ತಾಯಿಯೊಬ್ಬಳ ನಮಸ್ಕಾರಗಳು. ಅದರಲ್ಲಿ ಈಜುಡುಗೆಗಿಂತ ಮುಖ್ಯವಾಗಿ ಮಗಳ ಜನ್ಮ ಪ್ರಮಾಣಪತ್ರವಿತ್ತು. ವಯೋಮಿತಿಯ ಸ್ಪರ್ಧೆಯಲ್ಲಿ ಅದಿಲ್ಲದೆ ಅವಳನ್ನು ನೀರಿಗೆ ಬಿಡುತ್ತಿರಲಿಲ್ಲ. ನಮ್ಮತ್ತೆ ಕೆಂಪು ದಾರದಲ್ಲಿ ಕನ್ನಡದಲ್ಲಿ ಹೊಲಿದಿದ್ದ ಹೆಸರನ್ನು ಓದಿ, “ಈ ಚೀಲ ಯಾರದವ್ವಾ?” ಎಂದು ನೀವು ಕೂಗಿದ ದನಿ ಇಂದಿಗೂ ನನ್ನ ಕಿವಿಯಲ್ಲಿದೆ.

ಅಂದು ಅವಳು 50 ಮೀಟರ್ ಬಟರ್‌ಫ್ಲೈಯಲ್ಲಿ, ಅಂದರೆ ಎರಡೂ ಕೈಗಳನ್ನು ಚಿಟ್ಟೆಯ ರೆಕ್ಕೆಯಂತೆ ಒಟ್ಟಿಗೆ ಬೀಸುವ ಈಜಿನಲ್ಲಿ, ಮೂರನೆಯವಳಾದಳು. ಶಾಲಾ ತಂಡದಿಂದ ಜಿಲ್ಲೆಗೆ, ಅಲ್ಲಿಂದ ರಾಜ್ಯಕ್ಕೆ ಏರಿದಳು. ಆಮೇಲಿನ ದಾರಿ ಕಠಿಣವಾಗಿತ್ತು: ಪುಣೆಯ ಬಾಲೇವಾಡಿಯಲ್ಲಿ ಬೆಳಗಿನ ಐದಕ್ಕೇ ತರಬೇತಿ, ಭುಜದ ನೋವು, ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಕೈತಪ್ಪಿದ ಪದಕಗಳು. 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಖಜಾನ್ ಸಿಂಗ್ ಬೆಳ್ಳಿ ಗೆದ್ದ ನಂತರ, 2010ರಲ್ಲಿ ಕೊಲ್ಹಾಪುರದ ವೀರ್‌ಧವಳ್ ಖಾಡೆ ಕಂಚು ಗೆಲ್ಲುವವರೆಗೆ ಭಾರತದ ಈಜು 24 ವರ್ಷ ಕಾದಿತ್ತು. ಇಬ್ಬರದೂ ಬಟರ್‌ಫ್ಲೈಯೇ ಎಂಬುದನ್ನು ಮಗಳು ಸೋತ ದಿನಗಳಲ್ಲಿ ತಾನೇ ಹೇಳಿಕೊಳ್ಳುತ್ತಿದ್ದಳು.

ಕಳೆದ ವರ್ಷ ಅವಳು ಭಾರತದ ಟೋಪಿ ಧರಿಸಿ ಹೊರದೇಶದ ಕೊಳಕ್ಕಿಳಿದಳು. ಆ ನೀಲಿ ಚೀಲ ಅವಳೊಂದಿಗಿತ್ತು. ನೀವು ಇದನ್ನು ಓದಿದರೆ ದಯವಿಟ್ಟು ಮಾಟುಂಗಾದ ನಮ್ಮ ಮನೆಗೆ ಊಟಕ್ಕೆ ಬನ್ನಿ.