ಅಂಕಿಗಳು ಹೊಂದಿದವು, ಅಕ್ಕಾ

ಚಿತ್ರ ನೋಡಿ ಅರ್ಥಮಾಡಿಕೊಳ್ಳಲು ಕಂಪ್ಯೂಟರಿಗೆ ಕಲಿಸುವ ನಮ್ಮ ಯೋಜನೆಯ ಕೋಡ್ ಈಗ ಎಲ್ಲರಿಗೂ ಮುಕ್ತ. ಅದಕ್ಕಿಂತ ದೊಡ್ಡ ಸುದ್ದಿ, ಪರಿಚಯವೇ ಇಲ್ಲದ ಇನ್ನೊಂದು ಪ್ರಯೋಗಾಲಯದವರು ಅದನ್ನು ತಮ್ಮ ಯಂತ್ರದಲ್ಲಿ ಓಡಿಸಿ, ನಮ್ಮ ಪ್ರಬಂಧದಲ್ಲಿದ್ದ ಅಂಕಿಗಳನ್ನೇ ಪಡೆದಿದ್ದಾರೆ. ಯೋಜನೆಯ ಕಥೆ ನಿಮಗೆಲ್ಲ ಗೊತ್ತು, ಮತ್ತೆ ಹೇಳುವುದಿಲ್ಲ.

ಚಿತ್ರಗಳಿಗೆ ಲೇಬಲ್ ಹಾಕಿದವರು, ಜಿಪಿಯು ಎಂಬ ವೇಗದ ಲೆಕ್ಕದ ಚಿಪ್‌ಗಾಗಿ ಕಾಯುವ ಕ್ಯೂನಲ್ಲಿ ತಮ್ಮ ಸರದಿ ಬಿಟ್ಟುಕೊಟ್ಟ ವಿದ್ಯಾರ್ಥಿಗಳು, ಸರ್ವರ್ ನೋಡಿಕೊಂಡವರು, ನನ್ನ ಮನೆಯವರು: ನಿಮಗೆಲ್ಲ ಮನಸಾರೆ ಧನ್ಯವಾದ.

ಉಳಿದ ಮಾತೆಲ್ಲ ಅಕ್ಕನಿಗೆ. ನಮ್ಮ ತಂಡದ ಹಿರಿಯ ಇಂಜಿನಿಯರ್ ಅವರು, ಎಲ್ಲರೂ ಹಾಗೇ ಕರೆಯುತ್ತೇವೆ.

ಪ್ರಬಂಧ ಸಲ್ಲಿಸುವ ಹಿಂದಿನ ರಾತ್ರಿ. ಅದೇ ಮಾಡೆಲ್ (ಚಿತ್ರಗಳಿಂದ ಕಲಿತ ಪ್ರೋಗ್ರಾಂ), ಅದೇ ಚಿತ್ರಗಳು, ಆದರೆ ಹೊಸ ಸರ್ವರಿನಲ್ಲಿ ನಿಖರತೆ ಕುಸಿದಿತ್ತು. ಎಲ್ಲೂ ಎರರ್ ಇಲ್ಲ. ಕಂಪ್ಯೂಟರ್ ವಿಷನ್ ಕೆಲಸದಲ್ಲಿ ಮನುಷ್ಯರನ್ನು ಹಣ್ಣು ಮಾಡುವುದು ಇದೇ. ಪ್ರೋಗ್ರಾಂ ನಿಲ್ಲುವುದಿಲ್ಲ, ತಪ್ಪು ಉತ್ತರ ಕೊಡುತ್ತಲೇ ಇರುತ್ತದೆ. ಚಿತ್ರಗಳನ್ನು ಓದಿ ಕುಗ್ಗಿಸಲು ಬಳಸುವ ಸಿದ್ಧ ಕೋಡ್, ಅಂದರೆ ಲೈಬ್ರರಿ, ಅಲ್ಲಿ ಬೇರೆಯಾಗಿತ್ತು: ವೇಗಕ್ಕೆಂದು ಪಿಲ್ಲೋ ಬದಲು ಓಪನ್‌ಸಿವಿ ಬಂದಿತ್ತು. ಓಪನ್‌ಸಿವಿ ಬಣ್ಣಗಳನ್ನು ನೀಲಿ, ಹಸಿರು, ಕೆಂಪು ಎಂದು ತಿರುಗಾಮುರುಗಾ ಓದುತ್ತದೆ. ನಮ್ಮ ಕೋಡ್ ಆ ಕ್ರಮವನ್ನು ಸರಿಮಾಡುತ್ತಿದೆಯೇ ಎಂದು ಮೊದಲು ನೋಡಿದೆವು, ಸರಿಯಿತ್ತು. ಫೋಟೊ ಯಾವ ಕಡೆ ತಿರುಗಿದೆ ಎಂದು ಹೇಳುವ ಎಕ್ಸಿಫ್ ಮಾಹಿತಿ, ಅದೂ ಸರಿಯಿತ್ತು.

ನಡುರಾತ್ರಿ ದಾಟಿದ ಮೇಲೆ ಅಳು ಬಂತು. "ನನ್ನಿಂದ ಆಗಲ್ಲ ಅಕ್ಕಾ, ಈ ಕೆಲಸಾನೇ ಬಿಟ್ಟುಬಿಡ್ತೀನಿ" ಎಂದೆ. ಅದು ಆ ಒಂದು ರಾತ್ರಿಯ ಸಂಕಟವಲ್ಲ. ವರ್ಷಗಟ್ಟಲೆ ಕೋಡ್ ಕಟ್ಟಿ, ಪ್ರಬಂಧದ ಕೊನೆಯಲ್ಲಿ ಅರ್ಧ ಸಾಲಿನ ಉಪಕಾರಸ್ಮರಣೆಯಾಗಿ ಉಳಿಯುವವರ ಸಂಕಟ. ಸಂಶೋಧನೆಗೆ ಕೋಡ್ ಕಟ್ಟುವ ಇಂಥವರಿಗೆ ರಿಸರ್ಚ್ ಸಾಫ್ಟ್‌ವೇರ್ ಇಂಜಿನಿಯರ್ ಎಂಬ ಹೆಸರು ಬ್ರಿಟನ್ನಿನಲ್ಲಿ ಚಾಲ್ತಿಗೆ ಬಂದದ್ದೇ 2012ರಲ್ಲಿ. ಮನ್ನಣೆ ಇನ್ನೂ ನಿಧಾನವಾಗಿ ಬರುತ್ತಿದೆ.

ಅಕ್ಕ ಬುದ್ಧಿವಾದ ಹೇಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, "ಅಂಕಿ ಬಿಡು, ಚಿತ್ರ ನೋಡೋಣ ಬಾ" ಎಂದರು. ಒಂದೇ ಚಿತ್ರವನ್ನು ಎರಡೂ ಸರ್ವರಿನಲ್ಲಿ ಪ್ರತಿ ಹಂತದಲ್ಲೂ ಸೇವ್ ಮಾಡಿ, ಒಂದರಿಂದ ಇನ್ನೊಂದನ್ನು ಪಿಕ್ಸೆಲ್ ಪಿಕ್ಸೆಲ್ ಕಳೆಯುತ್ತಾ ಹೋದೆವು. ಚಿತ್ರ ಕುಗ್ಗಿಸುವಲ್ಲಿ ಸಿಕ್ಕಿತು. ಎರಡು ಲೈಬ್ರರಿಗಳಲ್ಲೂ ವಿಧಾನದ ಹೆಸರು ಬೈಲೀನಿಯರ್, ಅಂದರೆ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಬೆರೆಸಿ ಹೊಸ ಪಿಕ್ಸೆಲ್ ಮಾಡುವುದು. ಆದರೆ ಪಿಲ್ಲೋ ಕುಗ್ಗಿಸುವಾಗ ಆ ಜಾಗದ ಎಲ್ಲ ಪಿಕ್ಸೆಲ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ನಯ ಮಾಡುತ್ತದೆ. ಓಪನ್‌ಸಿವಿ ಸಾಮಾನ್ಯವಾಗಿ ಹತ್ತಿರದ 4 ಪಿಕ್ಸೆಲ್ ನೋಡಿ ಉಳಿದದ್ದನ್ನು ಬಿಡುತ್ತದೆ. ನಮ್ಮ ಕಣ್ಣಿಗೆ ಎರಡೂ ಒಂದೇ. ಪಿಲ್ಲೋ ಕೊಟ್ಟ ಚಿತ್ರಗಳಿಂದ ಕಲಿತ ಮಾಡೆಲ್‌ಗೆ ಅವು ಬೇರೆಬೇರೆ.

ಬೆಳಗಿನ ಮೀಟಿಂಗ್‌ನಲ್ಲಿ, ಲೇಖಕರ ಪಟ್ಟಿಯಲ್ಲಿ ನನ್ನ ಹೆಸರು ಇರಲೇಬೇಕು ಎಂದು ಪಟ್ಟು ಹಿಡಿದವರೂ ಅಕ್ಕನೇ. ತಮ್ಮ ಹೆಸರಿನ ಮಾತೇ ಎತ್ತಲಿಲ್ಲ. ಅದನ್ನು ನಾವು ಹಟ ಹಿಡಿದು ಸೇರಿಸಿದೆವು.

ಅಕ್ಕಾ, ಆ ರಾತ್ರಿ ನೀವು ಬರೆದ ಹೋಲಿಕೆಯ ಸ್ಕ್ರಿಪ್ಟ್ ಈಗ ನಮ್ಮ ಟೆಸ್ಟ್‌ಗಳಲ್ಲಿ ಸೇರಿದೆ. ಯಾರು ಯಾವ ಲೈಬ್ರರಿ ಬದಲಿಸಿದರೂ ಮೊದಲು ಓಡುವುದು ಅದೇ. ತಂಡಕ್ಕೆ ಹೊಸದಾಗಿ ಬಂದವರಿಗೆ ಅದನ್ನು ಪಕ್ಕದಲ್ಲೇ ಕೂತು ನಾನು ಕಲಿಸುತ್ತಿದ್ದೇನೆ.