ದೂರು: 50 ಎಂಎಂ ಲೆನ್ಸಿನಲ್ಲಿ ಬಲಬದಿ ಮಾತ್ರ ಮಸುಕು

ಇಂದ: ಫೋಟೋ ಸ್ಟುಡಿಯೋ, ಬಿ.ಎಚ್. ರಸ್ತೆ, ತುಮಕೂರು
ಗೆ: ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ವಾರಂಟಿಯಲ್ಲಿರುವ 50 ಎಂಎಂ ಎಫ್/1.8 ಲೆನ್ಸನ್ನು ದೋಷ ಸರಿಪಡಿಸದೆ ವಾಪಸ್ ಕಳಿಸಿರುವ ಬಗ್ಗೆ

ಮಾನ್ಯರೆ,

ನಿಮ್ಮ ಸರ್ವೀಸ್ ಸೆಂಟರಿನವರು ಈ ಲೆನ್ಸಿಗೆ "ಆಟೋಫೋಕಸ್ ಹೊಂದಿಸಿದೆ, ಬೇರೆ ದೋಷವಿಲ್ಲ" ಎಂದು ಚೀಟಿ ಬರೆದಿದ್ದಾರೆ. ಕೌಂಟರಿನಲ್ಲಿ ಹೇಳಿದ್ದು, "ಈ ಬೆಲೆಗೆ ಇಷ್ಟೇ ಸರ್." ಎರಡೂ ತಪ್ಪು.

ಅಗ್ಗದ ಪ್ರೈಮ್ (ಜೂಮ್ ಇಲ್ಲದ) ಲೆನ್ಸಿನ ಮಿತಿ ಗೊತ್ತಿರುವಂಥದ್ದೇ. ಬೆಳಕಿನ ಕಿಂಡಿ ಪೂರ್ತಿ ತೆರೆದ ಎಫ್/1.8ರಲ್ಲಿ ಮೂಲೆಗಳು ಕಪ್ಪಾಗುತ್ತವೆ, ಹೊಳೆಯುವ ಒಡವೆಯ ಅಂಚಿಗೆ ನೇರಳೆ ಬಣ್ಣ ಹತ್ತುತ್ತದೆ. ಅದಕ್ಕೆ ದೂರಿಲ್ಲ. ಆದರೆ ವಿನ್ಯಾಸದ ಮಿತಿ ನಾಲ್ಕೂ ಮೂಲೆಗೆ ಒಂದೇ ಸಮ ಇರಬೇಕು. ಇಲ್ಲಿ ಬಲಬದಿ ಮಾತ್ರ ಕೆಟ್ಟಿದೆ, ಅದರಲ್ಲೂ ಮೇಲಿನ ಮೂಲೆ.

ಪರೀಕ್ಷೆ ಮಾಡಿದ್ದು ಹೀಗೆ. ಗೋಡೆಯ ನಡುವೆ ಒಂದು, ನಾಲ್ಕು ಮೂಲೆಗೆ ನಾಲ್ಕು ಕನ್ನಡ ದಿನಪತ್ರಿಕೆಯ ಹಾಳೆ ಅಂಟಿಸಿ, ಎರಡೂವರೆ ಮೀಟರ್ ದೂರದಲ್ಲಿ ಫುಲ್ ಫ್ರೇಮ್ ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟೆವು. ಗೋಡೆಗೆ ಒತ್ತಿಟ್ಟ ಪುಟ್ಟ ಕನ್ನಡಿಯಲ್ಲಿ ಲೆನ್ಸಿನ ಬಿಂಬ ಚೌಕಟ್ಟಿನ ನಟ್ಟನಡುವೆ ಕಾಣುವವರೆಗೂ ಕ್ಯಾಮೆರಾ ಹೊಂದಿಸಿದ್ದರಿಂದ ಅದು ಓರೆಯಾಗಿತ್ತು ಎನ್ನುವಂತಿಲ್ಲ. ಐಎಸ್‌ಒ 100, ಎರಡು ಸೆಕೆಂಡಿನ ಟೈಮರ್, ಲೈವ್ ವ್ಯೂ ಹಿಗ್ಗಿಸಿ ಕೈಯಿಂದಲೇ ಫೋಕಸ್, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ), ಲೆನ್ಸ್ ಕರೆಕ್ಷನ್ ಆಫ್.

ಕಿಂಡಿ ಕಿರಿದಾಗಿಸಿದ ಎಫ್/4ರಲ್ಲಿ ಎಡಮೂಲೆಗಳ ಸಣ್ಣಕ್ಷರದಲ್ಲಿ 'ಧ'ದ ಕೆಳಗಿನ ಸೀಳು, 'ಥ'ದ ಒಳಗಿನ ಚುಕ್ಕೆ ಬಿಡಿಬಿಡಿಯಾಗಿ ಕಾಣುತ್ತವೆ. ಬಲ ಮೇಲ್ಮೂಲೆಯಲ್ಲಿ 'ದ', 'ಧ', 'ಥ' ಮೂರೂ 'ದ'ದಂತೆಯೇ ಕಾಣುತ್ತವೆ; ಒತ್ತಕ್ಷರಗಳು ಕೆಳಗಿನ ಸಾಲಿಗೆ ಕಲಸಿಹೋಗಿವೆ. ಎಫ್/8ಕ್ಕೆ ಹೋದರೂ ಎರಡು ಬದಿ ಸಮವಾಗಲಿಲ್ಲ. ಕ್ಯಾಮೆರಾವನ್ನು ತಲೆಕೆಳಗು ಮಾಡಿದಾಗ ಮಸುಕು ಗೋಡೆಯ ಎಡ ಕೆಳಭಾಗಕ್ಕೆ ಹೋಯಿತು, ಚಿತ್ರದಲ್ಲಿ ಮಾತ್ರ ಅದೇ ಮೂಲೆ. ಇನ್ನೊಂದು ಕ್ಯಾಮೆರಾಕ್ಕೆ ಹಾಕಿದರೂ ಅದೇ. ಹಾಗಾಗಿ ಗೋಡೆಯದೂ ಅಲ್ಲ, ಲೆನ್ಸ್ ಕೂರುವ ಕ್ಯಾಮೆರಾ ಮೌಂಟಿನದೂ ಅಲ್ಲ.

ಮುಖ್ಯವಾದದ್ದು ಇನ್ನೊಂದು. ಬಲಮೂಲೆಗೇ ಫೋಕಸ್ ಕೊಟ್ಟರೆ ಅಲ್ಲಿ ಅಕ್ಷರ ಮೂಡುತ್ತದೆ, ಎಡಬದಿ ಅಳಿಸಿಹೋಗುತ್ತದೆ. ಫೀಲ್ಡ್ ಕರ್ವೇಚರ್ (ಫೋಕಸ್ ಆಗುವ ಸಮತಲ ಬಟ್ಟಲಿನಂತೆ ಬಾಗುವುದು) ಆಗಿದ್ದರೆ ಎಡ ಬಲ ಎರಡೂ ಒಟ್ಟಿಗೆ ಸುಧಾರಿಸಬೇಕಿತ್ತು. ಒಳಗಿನ ಯಾವುದೋ ಗಾಜು ವಾಲಿ ಕೂತಿದೆ, ಫೋಕಸ್ ಆಗುವ ಸಮತಲವೇ ಓರೆಯಾಗಿದೆ. ಆಟೋಫೋಕಸ್ ಹೊಂದಿಕೆ ಆ ಸಮತಲವನ್ನು ಹಿಂದೆ ಮುಂದೆ ಸರಿಸೀತೇ ಹೊರತು ನೆಟ್ಟಗೆ ಮಾಡಲಾರದು.

ಮದುವೆಯ ಗ್ರೂಪ್ ಫೋಟೋದಲ್ಲಿ ಬಲತುದಿಗೆ ನಿಂತವರ ಮುಖ ಮಸುಕಾದರೆ ಆ ಫೋಟೋ ಮತ್ತೆ ತೆಗೆಯಲಾಗದು.

ಆದ್ದರಿಂದ ಲೆನ್ಸ್ ಬದಲಿಸಿ ಕೊಡಿ, ಇಲ್ಲವೇ ಬಿಚ್ಚಿ ಗಾಜುಗಳನ್ನು ಸರಿಯಾಗಿ ಕೂರಿಸಿ, ರಿಪೇರಿಗೆ ಮುಂಚಿನ ಮತ್ತು ನಂತರದ ನಾಲ್ಕೂ ಮೂಲೆಗಳ ಚಿತ್ರ ಕಳಿಸಿ. ನಮ್ಮ ರಾ ಫೈಲುಗಳು, ಬಿಲ್ಲು, ಸರ್ವೀಸ್ ಚೀಟಿಯ ಪ್ರತಿ ಲಗತ್ತಿಸಿದೆ. 15 ದಿನದಲ್ಲಿ ಲಿಖಿತ ಉತ್ತರ ಬಾರದಿದ್ದರೆ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ದಾಖಲಿಸುತ್ತೇವೆ.

ಇತಿ,
ಸ್ಟುಡಿಯೋ ಪರವಾಗಿ